ಸಿರಿ ಪುಣ್ಯದ ಗುರುತೇ? ಯುರೋಪಿನ ಪ್ರದೇಶಗಳ ಏಳುಬೀಳು

ಒಂದು ಪ್ರದೇಶ ಸಿರಿವಂತವಾಗಿದ್ದರೆ ಅದು ಅಲ್ಲಿನ ಜನರ ಗುಣಕ್ಕೆ ಸಂದ ಫಲವೇ? ಬಡವಾಗಿದ್ದರೆ ಅದು ಅವರ ದೋಷಕ್ಕೆ ಸಾಕ್ಷಿಯೇ? ಈ ಪ್ರಶ್ನೆಯ ಬೇರು ಬೈಬಲ್ಲಿನಷ್ಟು ಹಳೆಯದು. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಬಳಿ ಬಂದ ಗೆಳೆಯರು, ಅವನು ಏನೋ ಪಾಪ ಮಾಡಿರಲೇಬೇಕೆಂದು ವಾದಿಸುತ್ತಾರೆ. ಕೊನೆಯಲ್ಲಿ ದೇವರು ತಪ್ಪು ಹೊರಿಸುವುದು ಆ ಗೆಳೆಯರ ಮೇಲೆಯೇ. ಆದರೂ ಅವರ ವಾದ ಅಳಿಯಲಿಲ್ಲ. ಮುಂದೆ ಇಡೀ ನಾಡುಗಳನ್ನು ಅಳೆಯುವ ಕೋಲಾಯಿತು.

ಈ ಚರ್ಚೆಯಲ್ಲಿ ಮೊದಲು ನೆನಪಾಗುವ ಹೆಸರು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅವರದು. ಜರ್ಮನಿಯಲ್ಲಿ ಬಂಡವಾಳದ ಒಡೆಯರೂ ಉದ್ಯಮದ ಮುಂದಾಳುಗಳೂ ಹೆಚ್ಚಾಗಿ ಪ್ರೊಟೆಸ್ಟೆಂಟರೇ ಆಗಿರುವುದು ಏಕೆ ಎಂದು ಅವರು 1904-05ರಲ್ಲಿ ಕೇಳಿದರು. ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಲೂಥರ್ ದಿನದ ದುಡಿಮೆಯನ್ನೇ ದೇವರ ಕರೆಯೆಂದು ಕಂಡಿದ್ದರು. ಯಾರಿಗೆ ಮುಕ್ತಿ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂದು ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಬೋಧಿಸಿದ್ದರು. ತಾನು ಆಯ್ಕೆಯಾದವನೋ ಅಲ್ಲವೋ ಎಂಬ ತಳಮಳದಲ್ಲಿದ್ದ ಭಕ್ತ ಶಿಸ್ತಿನ ದುಡಿಮೆಯಲ್ಲಿ ಭರವಸೆ ಹುಡುಕಿದ. ದುಡಿದದ್ದನ್ನು ಭೋಗಕ್ಕೆ ಚೆಲ್ಲದೆ ಮತ್ತೆ ದುಡಿಮೆಗೇ ಹೂಡಿದ. ಧರ್ಮವೊಂದೇ ಕಾರಣವೆಂದು ವೆಬರ್ ಹೇಳಲಿಲ್ಲ. ತಮ್ಮ ಕಾಲದ ಬಂಡವಾಳಶಾಹಿಗೆ ಧರ್ಮದ ಆಸರೆ ಬೇಕಾಗಿಲ್ಲವೆಂದೂ ಅವರು ಬರೆದರು. ಈ ಎಚ್ಚರಿಕೆ ಮರೆತವರ ಬಾಯಲ್ಲಿ ಅವರ ವಾದ ‘ಯುರೋಪಿನ ಉತ್ತರದವರು ದುಡಿಯುವವರು, ದಕ್ಷಿಣದವರು ಸೋಮಾರಿಗಳು’ ಎಂಬಷ್ಟಕ್ಕೆ ಇಳಿಯಿತು.

ಇತಿಹಾಸ ಈ ತೀರ್ಪನ್ನು ಒಪ್ಪುವುದಿಲ್ಲ. ಲೂಥರ್ 1517ರಲ್ಲಿ ಕ್ಯಾಥೊಲಿಕ್ ಚರ್ಚಿನ ವಿರುದ್ಧ ದನಿ ಎತ್ತುವ ಮೊದಲೇ ಯುರೋಪಿನ ಹಣದ ವ್ಯವಹಾರ ಇಟಲಿಯ ಕೈಯಲ್ಲಿತ್ತು. ಫ್ಲಾರೆನ್ಸ್ 1252ರಿಂದ ಚಿನ್ನದ ಫ್ಲೋರಿನ್ ಟಂಕಿಸುತ್ತಿತ್ತು. ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ ಲೂಕಾ ಪಾಚೋಲಿ ಒಬ್ಬ ಕ್ಯಾಥೊಲಿಕ್ ಸನ್ಯಾಸಿ. ವ್ಯಾಪಾರ ಅಟ್ಲಾಂಟಿಕ್ ಕಡಲಿಗೆ ಹೊರಳಿದ ಮೇಲೆ ಆ್ಯಮ್‌ಸ್ಟರ್‌ಡ್ಯಾಮ್, ಲಂಡನ್ ಮುಂದೆ ಬಂದವು.

ಬೆಲ್ಜಿಯಂನ ಉದಾಹರಣೆ ಇನ್ನೂ ಸ್ಪಷ್ಟ. ಅಲ್ಲಿನ ವಲೋನಿಯ, ಫ್ಲಾಂಡರ್ಸ್ ಎರಡೂ ಪ್ರದೇಶದವರು ಕ್ಯಾಥೊಲಿಕ್ ಪರಂಪರೆಯವರೇ. 19ನೇ ಶತಮಾನದಲ್ಲಿ ಫ್ರೆಂಚ್ ಮಾತಾಡುವ ವಲೋನಿಯ ಕಲ್ಲಿದ್ದಲು, ಉಕ್ಕಿನಿಂದ ಸಿರಿವಂತವಾಯಿತು. ಡಚ್ ಮಾತಾಡುವ ಫ್ಲಾಂಡರ್ಸ್‌ನಲ್ಲಿ ಮನೆಮನೆಯ ನಾರುಬಟ್ಟೆ ನೇಯ್ಗೆ ಯಂತ್ರದ ಮುಂದೆ ಸೋತಿತು. 1840ರ ದಶಕದಲ್ಲಿ ಆಲೂಗೆಡ್ಡೆಗೆ ರೋಗ ಬಿದ್ದು ಹಸಿವು ಕಾಡಿತು. ಫ್ಲಾಂಡರ್ಸ್‌ನ ಬಡವರು ವಲೋನಿಯದ ಗಣಿಗಳಿಗೆ ಕೂಲಿಗೆ ಹೋದರು. ಎರಡನೇ ಮಹಾಯುದ್ಧದ ನಂತರ ಆ ಗಣಿಗಳಿಗೆ ಇಳಿದವರಲ್ಲಿ ಇಟಲಿಯವರು ಬಹಳ. 1946ರ ಒಪ್ಪಂದದಂತೆ ಇಟಲಿ ಆಳುಗಳನ್ನು ಕಳಿಸಬೇಕು, ಬೆಲ್ಜಿಯಂ ಕಲ್ಲಿದ್ದಲು ಮಾರಬೇಕು. 1956ರ ಆಗಸ್ಟ್ 8ರ ಬೆಳಿಗ್ಗೆ ವಲೋನಿಯದ ಮಾರ್ಸಿನೆಲ್ ಗಣಿಯ ಆಳದಲ್ಲಿ, ಬಂಡಿಗಳನ್ನು ಮೇಲೆತ್ತುವ ಗೂಡಿನಲ್ಲಿ ಸರಿಯಾಗಿ ಕೂರದ ಕಲ್ಲಿದ್ದಲಿನ ಬಂಡಿಯೊಂದು ಹೊರಚಾಚಿಕೊಂಡಿದ್ದಾಗಲೇ ಗೂಡು ಮೇಲೇರಿತು. ಅದರ ಹೊಡೆತಕ್ಕೆ ಎಣ್ಣೆಯ ಕೊಳವೆ, ವಿದ್ಯುತ್ ತಂತಿಗಳು ಹರಿದು ಬೆಂಕಿ ಹತ್ತಿತು. ಸತ್ತವರು 262 ಮಂದಿ. ಅವರಲ್ಲಿ 136 ಜನ ಇಟಲಿಯವರು. ಫ್ಲೋರಿನ್ ಟಂಕಿಸಿದ ನಾಡಿನ ಮಕ್ಕಳು ಪರನಾಡಿನ ಕತ್ತಲಲ್ಲಿ ಹೀಗೆ ಸತ್ತದ್ದು ಅವರ ಪಾಪದಿಂದಲ್ಲ.

ಮುಂದೆ ಕಲ್ಲಿದ್ದಲಿನ ಕಾಲವೇ ಮುಗಿಯಿತು. ಆಂಟ್‌ವರ್ಪ್ ಬಂದರು, ಹೊಸ ಕಾರ್ಖಾನೆಗಳ ಬಲದಿಂದ 1960ರ ದಶಕದಲ್ಲಿ ಫ್ಲಾಂಡರ್ಸ್ ವಲೋನಿಯವನ್ನು ಹಿಂದಿಕ್ಕಿತು. ಎರಡೂ ಕಡೆ ಜನ ಅವರೇ, ಧರ್ಮವೂ ಅದೇ, ಬದಲಾದದ್ದು ಕಾಲ.

ಕ್ಯಾಥೊಲಿಕ್ ಐರ್ಲೆಂಡ್ 1973ರಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿದಾಗ ಬಡ ಸದಸ್ಯರಲ್ಲೊಂದು. ಹಡಗುಕಟ್ಟೆಗಳ ಬೆಲ್‌ಫಾಸ್ಟ್ ಇದ್ದ, ಪ್ರೊಟೆಸ್ಟೆಂಟರೇ ಹೆಚ್ಚಿದ್ದ ಉತ್ತರ ಐರ್ಲೆಂಡ್ ಬಹುಕಾಲ ಅದಕ್ಕಿಂತ ಮುಂದಿತ್ತು. ದಕ್ಷಿಣದಲ್ಲಿ 1967ರಿಂದ ಉಚಿತವಾದ ಪ್ರೌಢಶಿಕ್ಷಣ, ವಿದೇಶಿ ಹೂಡಿಕೆ, ಯುರೋಪಿನ ನೆರವು ಕೂಡಿ 20ನೇ ಶತಮಾನ ಮುಗಿಯುವ ಹೊತ್ತಿಗೆ ಸ್ಥಿತಿ ತಿರುಗಿತು. 2008ರ ಆರ್ಥಿಕ ಕುಸಿತ ಐರ್ಲೆಂಡನ್ನೂ ಬಿಡಲಿಲ್ಲ. 2010ರಲ್ಲಿ ಅದು ನೆರವಿಗೆ ಕೈಚಾಚಬೇಕಾಯಿತು.

ಅದೇ ವರ್ಷ ಗ್ರೀಸ್‌ನ ಸಾಲದ ಬಿಕ್ಕಟ್ಟು ಹಳೆಯ ತೀರ್ಪನ್ನು ಮತ್ತೆ ಎಬ್ಬಿಸಿತು. ಜರ್ಮನ್ ಭಾಷೆಯಲ್ಲಿ ಸಾಲಕ್ಕೂ ತಪ್ಪಿಗೂ ‘ಶುಲ್ಡ್’ ಎಂಬ ಒಂದೇ ಮೂಲ ಪದವಿದೆ. ಸಾಲಗಾರ ಎಂದರೆ ತಪ್ಪಿತಸ್ಥ ಎಂಬ ಭಾವನೆಗೆ ಅದು ಎಡೆಕೊಡುತ್ತದೆ. ಗ್ರೀಸ್‌ನ ಸರ್ಕಾರಗಳು ಲೆಕ್ಕದಲ್ಲಿ ತಪ್ಪಿದ್ದು ನಿಜ. ಆದರೆ 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ವಿದೇಶಿ ಸಾಲದ ಸುಮಾರು ಅರ್ಧ ಮನ್ನಾ ಆಗಿತ್ತು. ಅದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಗ್ರೀಸ್ ಕೂಡ ಇತ್ತು.

ಹಾಗಾದರೆ ಸಿರಿವಂತ ಪ್ರದೇಶಕ್ಕೆ ಬಡ ಪ್ರದೇಶದ ಬಗೆಗಿನ ಕರ್ತವ್ಯವೇನು? ಹುಟ್ಟಿನ ಅದೃಷ್ಟವನ್ನು ಯಾರೂ ತಮ್ಮ ಅರ್ಹತೆಯೆಂದು ಹೇಳಿಕೊಳ್ಳಲಾರರು ಎಂದು ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ವಾದಿಸಿದರು. ಕಲ್ಲಿದ್ದಲಿನ ಮೇಲೆ ಹುಟ್ಟಿದ್ದು, ಬಂದರಿನ ಪಕ್ಕ ಹುಟ್ಟಿದ್ದು ಅಂಥ ಅದೃಷ್ಟವೇ. ಪ್ರದೇಶಗಳ ನಡುವಿನ ಅಂತರ ತಗ್ಗಿಸುವ ಆಶಯ 1957ರ ರೋಮ್ ಒಪ್ಪಂದದ ಪೀಠಿಕೆಯಲ್ಲಿಯೇ ಇದೆ; 1975ರಲ್ಲಿ ಅದಕ್ಕಾಗಿ ಪ್ರಾದೇಶಿಕ ಅಭಿವೃದ್ಧಿ ನಿಧಿಯೂ ಬಂತು. ದುಡಿಮೆಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ವಲೋನಿಯದ ಗಣಿಗಾರ ಫ್ಲಾಂಡರ್ಸ್‌ನ ನೇಕಾರನಿಗಿಂತ ಹೆಚ್ಚು ಪುಣ್ಯವಂತನಾಗಿರಲಿಲ್ಲ ಎಂದಷ್ಟೇ ಅರ್ಥ.

ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಸಾಲ ಲೆಕ್ಕದ್ದು, ತೀರಿಸಿದರೆ ಮುಗಿಯಿತು. ಋಣ ಸಂಬಂಧದ್ದು, ಪಡೆದದ್ದನ್ನು ನೆನೆದು ಇನ್ನೊಬ್ಬರಿಗೆ ಕೊಡುವಂಥದ್ದು. ಒಂದು ಕಾಲಕ್ಕೆ ಕೈಚಾಚಿದ ಪ್ರದೇಶಗಳೇ ಇಂದು ಕೊಡುವ ಸ್ಥಾನದಲ್ಲಿರುವ ಖಂಡದಲ್ಲಿ, ಉಳ್ಳ ಪ್ರದೇಶ ಇಲ್ಲದ ಪ್ರದೇಶಕ್ಕೆ ಕೊಡುವುದು ದಾನವಲ್ಲ, ಋಣ.