ಬಸ್ಸಿನಲ್ಲಿ ಹೋದವರಿಗೆ ಯಾತ್ರಾಫಲವುಂಟೇ?

ತೀರ್ಥಯಾತ್ರೆಯ ಫಲ ಸಿಗುವುದು ದಾರಿ ನಡೆದದ್ದಕ್ಕೋ, ದೇವರ ಎದುರು ನಿಂತದ್ದಕ್ಕೋ ಎಂಬ ಜಿಜ್ಞಾಸೆ ಬಹಳ ಹಳೆಯದು. ಪಲ್ಲಕ್ಕಿಯೂ ಕುದುರೆಯೂ ಉಳ್ಳವರ ಸೊತ್ತಾಗಿದ್ದ ಕಾಲದಲ್ಲಿ ಅದು ಪಂಡಿತರ ಚರ್ಚೆಯಷ್ಟೇ ಆಗಿತ್ತು. ಬಡವರಿಗೆ ನಡೆಯುವುದಲ್ಲದೆ ಬೇರೆ ದಾರಿಯೇ ಇರಲಿಲ್ಲ. ಊರೂರಿಗೆ ಬಸ್ಸು ಬಂದ ಮೇಲೆ ಪ್ರಶ್ನೆ ಎಲ್ಲರದಾಯಿತು. ತಮಿಳುನಾಡಿನ ದಿಂಡಿಗಲ್, ತೇನಿ ಜಿಲ್ಲೆಗಳು ಅದನ್ನು ವಿಚಾರಿಸಿ ನೋಡಲು ತಕ್ಕ ನೆಲ. ದಿಂಡಿಗಲ್‌ನಿಂದ ಪಶ್ಚಿಮಕ್ಕೆ ಹೊರಟರೆ ಒಂದು ರಸ್ತೆ ಪಳನಿಗೆ ಹೋಗುತ್ತದೆ. ಇನ್ನೊಂದು ವತ್ತಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಗೂಡಲೂರುಗಳನ್ನು ದಾಟಿ, ಘಟ್ಟ ಹತ್ತಿ, ಕೇರಳದ ಕುಮಿಳಿ ಸೇರುತ್ತದೆ. ಈ ಎರಡನೆಯ ರಸ್ತೆಯುದ್ದಕ್ಕೂ ದೇವಸ್ಥಾನಗಳಿವೆ, ಆದರೆ ಅದರ ಜತೆಗೆ ಸಾಗುವ ರೈಲು ಇಲ್ಲ. ಮಧುರೆಯಿಂದ ಬೋಡಿನಾಯಕನೂರಿಗಿದ್ದ ಮೀಟರ್ ಗೇಜ್ ಮಾರ್ಗ 2010ರ ಕೊನೆಯಲ್ಲಿ ಮುಚ್ಚಿತು. ಅಗಲ ಹಳಿಯ ಮೇಲೆ ರೈಲು ತೇನಿಗೆ ಮರಳಿದ್ದು 2022ರಲ್ಲಿ, ಬೋಡಿಗೆ 2023ರಲ್ಲಿ. ಕಂಬಂ ಕಣಿವೆಗೆ ಅದು ಇನ್ನೂ ಬಂದಿಲ್ಲ. ಹಾಗಾಗಿ ಇಲ್ಲಿ ಬಡವರ ದೇವದರ್ಶನವೆಂದರೆ ಒಂದೋ ಕಾಲ್ನಡಿಗೆ, ಇಲ್ಲವೇ ಬಸ್ಸು.

ವಾಹನದ ವಿರುದ್ಧ ಶಾಸ್ತ್ರದಲ್ಲಿ ಖಂಡಿತವಾದ ಮಾತುಗಳಿವೆ. ಪ್ರಯಾಗದ ಮಹಿಮೆಯನ್ನು ಹೇಳುವ ಮತ್ಸ್ಯಪುರಾಣ, ಎತ್ತಿನ ಮೇಲೇರಿ ಹೋದವನಿಗೆ ನರಕವನ್ನು ವಿಧಿಸುತ್ತದೆ. ಐಶ್ವರ್ಯದ ಲೋಭದಿಂದಲೋ ಮೋಹದಿಂದಲೋ ವಾಹನ ಹತ್ತಿದವನ ಯಾತ್ರೆ ನಿಷ್ಫಲವೆನ್ನುತ್ತದೆ. ನಂತರ ಬಂದ ನಿಬಂಧಕಾರರು ಈ ಮಾತಿನ ಸುತ್ತ ಸಾಕಷ್ಟು ಚರ್ಚೆ ನಡೆಸಿದ್ದಾರೆ. ನಿಷೇಧ ಪ್ರಯಾಗಕ್ಕೆ ಮಾತ್ರ ಅನ್ವಯಿಸುತ್ತದೆ ಎಂದವರೂ ಅವರಲ್ಲಿದ್ದಾರೆ. ಆದರೆ ಮೂಲವನ್ನೇ ನಿಧಾನವಾಗಿ ಓದಿದರೆ ಅದು ದೂರುತ್ತಿರುವುದು ಎರಡು ಸಂಗತಿಗಳನ್ನು: ಹೊರುವ ಪ್ರಾಣಿಯ ಹಿಂಸೆ ಒಂದು, ಏರಿ ಕುಳಿತವನ ದೊಡ್ಡಸ್ತಿಕೆ ಇನ್ನೊಂದು. ಗಾಲಿಯ ಮೇಲೆ ಅದಕ್ಕೆ ದ್ವೇಷವಿಲ್ಲ. ಜೈನ ಮುನಿಗಳು ಇಂದಿಗೂ ವಾಹನ ಹತ್ತದೆ ವಿಹಾರ ಮಾಡುವುದನ್ನು ಶ್ರವಣಬೆಳಗೊಳದ ದಾರಿಯಲ್ಲಿ ಕನ್ನಡಿಗರು ಕಂಡಿದ್ದಾರೆ. ಆ ವ್ರತದ ಹಿಂದಿರುವುದೂ ಪುಣ್ಯದ ಲೆಕ್ಕವಲ್ಲ, ಅಹಿಂಸೆ ಮತ್ತು ಅಪರಿಗ್ರಹ. ಇದೇ ಕಣಿವೆಯ ಉತ್ತಮಪಾಳ್ಯದ ಬಂಡೆಯಲ್ಲಿ ತೀರ್ಥಂಕರರ ಉಬ್ಬುಶಿಲ್ಪಗಳಿವೆ. ಹಾಗೆ ನಡೆದೇ ಬಂದ ಮುನಿಗಳ ನೆನಪು ಆ ಕಲ್ಲಿಗಿದೆ.

ಮಹಾಭಾರತದ ವನಪರ್ವ ಈ ವಿಷಯದಲ್ಲಿ ಇನ್ನೂ ಉದಾರವಾಗಿದೆ. ಯಜ್ಞಕ್ಕೆ ಬಹಳ ಸಾಮಗ್ರಿ ಬೇಕು, ಅದು ಅರಸರಿಗೆ, ಸಿರಿವಂತರಿಗೆ ಮಾತ್ರ ಸಾಧ್ಯ. ದರಿದ್ರನಿಗೂ ಎಟುಕುವಂಥದ್ದು ತೀರ್ಥಯಾತ್ರೆ, ಅದು ಯಜ್ಞಕ್ಕಿಂತಲೂ ಮಿಗಿಲು ಎಂದು ಪುಲಸ್ತ್ಯ ಮಹರ್ಷಿ ಭೀಷ್ಮನಿಗೆ ಹೇಳುತ್ತಾನೆ. ಫಲ ಯಾರಿಗೆ ಎಂಬುದಕ್ಕೂ ಅಲ್ಲಿ ಉತ್ತರವಿದೆ: ಕೈ, ಕಾಲು, ಮನಸ್ಸು ಹಿಡಿತದಲ್ಲಿರುವವನಿಗೆ, ಅಹಂಕಾರ ಬಿಟ್ಟವನಿಗೆ, ಸಿಕ್ಕಿದ್ದರಲ್ಲಿ ತೃಪ್ತನಾದವನಿಗೆ. ಯಾತ್ರೆ ಹುಟ್ಟಿದ್ದೇ ಬಡವನ ಯಜ್ಞವಾಗಿ ಎಂದಾದರೆ, ಬಡವನು ಹತ್ತಬಹುದಾದ ವಾಹನವನ್ನು ಯಾತ್ರೆಯ ಶತ್ರುವೆಂದು ಕರೆಯುವುದು ಆ ಮಾತಿಗೇ ವಿರುದ್ಧ.

ಹಾಗೆಂದು ನಡಿಗೆಯನ್ನು ಹಗುರವಾಗಿ ಕಾಣುವಂತಿಲ್ಲ. ತೈಪೂಸದ ಹೊತ್ತಿಗೆ ದಿಂಡಿಗಲ್–ಪಳನಿ ರಸ್ತೆಯ ಅಂಚಿನಲ್ಲಿ ಹಸಿರು, ಕಾವಿ ಉಟ್ಟವರ ಸಾಲು ಹಗಲುರಾತ್ರಿ ಸಾಗುತ್ತದೆ. ಚೆಟ್ಟಿನಾಡಿನ ನಗರತ್ತಾರರು ಕಾವಡಿ ಹೊತ್ತು ತಮ್ಮೂರುಗಳಿಂದ ಪಳನಿಗೆ ನಡೆಯುವ ಪದ್ಧತಿ ಶತಮಾನಗಳಷ್ಟು ಹಳೆಯದು. ಆ ನಡಿಗೆಯ ಹಿಂದೆ ಇಡುಂಬನ ಕಥೆಯಿದೆ. ಅಗಸ್ತ್ಯನ ಆಜ್ಞೆಯಂತೆ ಎರಡು ಬೆಟ್ಟಗಳನ್ನು ಕಾವಡಿಯಂತೆ ಹೆಗಲಿಗೇರಿಸಿ ಹೊರಟ ಇಡುಂಬ ಪಳನಿಯಲ್ಲಿ ದಣಿವಾರಿಸಿಕೊಳ್ಳಲು ಹೊರೆ ಇಳಿಸಿದ. ಮತ್ತೆ ಎತ್ತಲು ಹೋದರೆ ಬೆಟ್ಟ ಕದಲಲಿಲ್ಲ, ಮೇಲೆ ಬಾಲಕ ಮುರುಗನ್ ನಿಂತಿದ್ದ. ಕಾದಾಡಿ ಬಿದ್ದ ಇಡುಂಬ ಜೀವ ಮರಳಿ ಪಡೆದು ದೇವರ ಬಾಗಿಲ ಕಾವಲಿಗೆ ನಿಂತ. ಬೆಟ್ಟ ಹತ್ತುವವರು ಮೊದಲು ಅವನಿಗೆ ಕೈಮುಗಿಯುತ್ತಾರೆ. ಹೊತ್ತವನಿಗೆ ಅಗ್ರಪೂಜೆ ಸಲ್ಲುವ ಕ್ಷೇತ್ರದಲ್ಲಿ ಮೈ ದಣಿಸುವುದಕ್ಕೆ ಅರ್ಥವಿದ್ದೇ ಇದೆ. ಕಾಲು ಬೊಬ್ಬೆಯೆದ್ದವನ ಪ್ರಾರ್ಥನೆಯಲ್ಲಿ ಒಂದು ಬಗೆಯ ಗಟ್ಟಿತನವಿರುತ್ತದೆ. ದೇಹವೂ ಆ ಪ್ರಾರ್ಥನೆಯಲ್ಲಿ ಪಾಲುಗೊಂಡಿರುವುದೇ ಅದಕ್ಕೆ ಕಾರಣ.

ಆದರೆ ಪಳನಿಯೇ ತನ್ನ 693 ಮೆಟ್ಟಿಲುಗಳ ಪಕ್ಕದಲ್ಲಿ 1960ರ ದಶಕದಿಂದ ವಿಂಚ್ ಎಂಬ ಎಳೆಬಂಡಿ ಓಡಿಸುತ್ತಿದೆ. 2004ರಿಂದ ರೋಪ್ ಕಾರ್ ಇದೆ. ಮೆಟ್ಟಿಲು ಹತ್ತಿದವರಿಗೂ ವಿಂಚಿನಲ್ಲಿ ಬಂದವರಿಗೂ ಅರ್ಚಕರು ಕೊಡುವ ವಿಭೂತಿ ಒಂದೇ, ಪಂಚಾಮೃತವೂ ಒಂದೇ. ಮೊಣಕಾಲು ಸವೆದ ಅಜ್ಜಿಯೊಬ್ಬಳು ರೋಪ್ ಕಾರಿನಲ್ಲಿ ಬಂದಳೆಂದು ಅವಳ ದರ್ಶನ ಅರೆಯಾಗುವುದಿಲ್ಲ ಎಂಬುದನ್ನು ಕ್ಷೇತ್ರ ತನ್ನ ನಡೆಯಿಂದಲೇ ಒಪ್ಪಿಕೊಂಡಿದೆ.

ದಾರಿಯ ಕಷ್ಟವನ್ನು ವಾಹನ ಕಳೆದಾಗ ಧರ್ಮ ಆ ಕಷ್ಟವನ್ನು ಬೇರೆಡೆ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ ಶಬರಿಮಲೆ ಯಾತ್ರೆ ಒಳ್ಳೆಯ ಸಾಕ್ಷಿ. ಕಾರ್ತಿಕ ಮಾಸದಿಂದ ಮಕರ ಸಂಕ್ರಾಂತಿಯವರೆಗೆ ಕರ್ನಾಟಕದ ಎಷ್ಟೋ ಅಯ್ಯಪ್ಪ ಸ್ವಾಮಿಗಳ ಬಸ್ಸುಗಳು, ವ್ಯಾನುಗಳು ದಿಂಡಿಗಲ್, ತೇನಿ ಹಾದು ಇದೇ ಕಣಿವೆಯ ದಾರಿಯಲ್ಲಿ ಹೋಗುತ್ತವೆ. ಜನಸಂದಣಿಯ ದಿನಗಳಲ್ಲಿ ಹೋಗುವ ವಾಹನಗಳನ್ನು ಕಂಬಂಮೆಟ್ಟಿನ ಘಟ್ಟಕ್ಕೆ ತಿರುಗಿಸಿ, ಬರುವವನ್ನು ಕುಮಿಳಿಯ ಕಡೆಯಿಂದ ಬಿಡುವುದುಂಟು. ದೂರವನ್ನೆಲ್ಲ ಗಾಲಿ ನುಂಗಿದರೂ ಮಾಲೆ ಹಾಕಿದ ದಿನದಿಂದ 41 ದಿನಗಳ ವ್ರತ ಹಾಗೆಯೇ ಇದೆ: ತಣ್ಣೀರ ಸ್ನಾನ, ನೆಲದ ಮೇಲೆ ಮಲಗುವುದು, ಬರಿಗಾಲು, ಮಿತಾಹಾರ. ತಲೆಯ ಮೇಲಿನ ಇರುಮುಡಿ ಇದೆ, ಪಂಪೆಯಿಂದ ಮೇಲಕ್ಕೆ ಹತ್ತುವ ದಾರಿ ಇದೆ. ಬಸ್ಸು ಮಧ್ಯದ ಮೈಲಿಗಳನ್ನಷ್ಟೇ ತೆಗೆದುಕೊಂಡಿತು.

ಕಂಬಂ ಪಟ್ಟಣದ ಕನ್ನಡಿಗರ ಸಂಗತಿ ಇನ್ನೊಂದು ಬಗೆಯದು. ಈ ಕಣಿವೆಯಲ್ಲಿ ಕಾಪ್ಪಿಲಿಯರು ಎಂದು ಕರೆಸಿಕೊಳ್ಳುವ ಒಕ್ಕಲಿಗರು ತಲೆಮಾರುಗಳಿಂದ ನೆಲೆಸಿದ್ದಾರೆ. ಅವರ ಮನೆಮಾತು ಕನ್ನಡ, ಓದುಬರಹ ತಮಿಳು. ಕನ್ನಡ ನಾಡಿನಿಂದ ತಮ್ಮ ಹಿರಿಯರು ದನಗಳೊಂದಿಗೆ ಬಂದರು ಎಂಬುದು ಅವರ ನಂಬಿಕೆ. ಆ ಹಿಂಡಿನ ಸಂತಾನವನ್ನು ದೇವರ ಆವು ಎಂದು, ತಮಿಳಿನಲ್ಲಿ ತಂಬಿರಾನ್ ಮಾಡು ಎಂದು ಕರೆದು ಕಂಬಂನ ತೊಳುವಿನಲ್ಲಿ, ಅಂದರೆ ದೊಡ್ಡಿಯಲ್ಲಿ, ಸಾಕುತ್ತಾರೆ. ಡಬ್ಲ್ಯೂ. ಫ್ರಾನ್ಸಿಸ್ 1906ರಲ್ಲಿ ಪ್ರಕಟಿಸಿದ ಮಧುರಾ ಗೆಜೆಟಿಯರ್ ಈ ಹಿಂಡನ್ನು ವರ್ಣಿಸಿದೆ. ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಅದಕ್ಕೆ ಬಾಯಿ ಹಾಕಿದ ಹೋರಿಗೆ ಪಟ್ಟ. ಆರಿಸುವುದು ಮನುಷ್ಯರಲ್ಲ ಎಂಬ ವಿನಯ ಆ ಕ್ರಮದಲ್ಲಿದೆ. ಮಾಟ್ಟುಪೊಂಗಲ್ ದಿನ ಸುತ್ತಲ ಊರುಗಳಿಂದ ಜನ ಆ ತೊಳುವಿಗೆ ಬಂದು ಸೇರುತ್ತಾರೆ. ಹಿರಿಯರು ದನದ ಹಿಂದೆ ನಡೆದು ಬಂದರು. ಮೊಮ್ಮಕ್ಕಳು ಬಸ್ಸು ಹಿಡಿದು ಬರುತ್ತಾರೆ. ಈ ಹಬ್ಬದಲ್ಲಿ ಬದಲಾಗದೆ ಉಳಿದದ್ದು ನಡಿಗೆಯಲ್ಲ, ಕೂಡುವಿಕೆ. ಚದುರಿದ ಕುಲವನ್ನು ವರ್ಷಕ್ಕೊಮ್ಮೆ ಒಂದೆಡೆ ತರುವುದೇ ಅಲ್ಲಿನ ಪೂಜೆಯ ಅರ್ಧಭಾಗ, ಅದನ್ನು ಬಸ್ಸು ನಡೆಸಿಕೊಡುತ್ತಿದೆ.

ಮನುಷ್ಯ ಮಾಡಿದ ಸಾಧನ ನಡುವೆ ಬಂದರೆ ಪಾವಿತ್ರ್ಯ ಕೆಡುತ್ತದೆ ಎನ್ನುವವರಿಗೆ ವೀರಪಾಂಡಿಯ ನದಿಯೇ ಉತ್ತರ ಕೊಡುತ್ತದೆ. ತೇನಿಯ ಹತ್ತಿರದ ಈ ಊರಿನ ಗೌಮಾರಿಯಮ್ಮನ ಚಿತ್ತಿರೈ ಜಾತ್ರೆಗೆ ವಿಶೇಷ ಬಸ್ಸುಗಳು ಓಡುತ್ತವೆ. ಹರಕೆ ಹೊತ್ತವರು ಮುಲ್ಲೈ ನದಿಯಲ್ಲಿ ಮಿಂದು ಅಗ್ನಿಚಟ್ಟಿ ಹಿಡಿಯುತ್ತಾರೆ, ಆಯಿರಂಕಣ್ ಪಾನೈ ಎಂಬ ತೂತುಗಳ ಮಡಕೆಯನ್ನು ಒಪ್ಪಿಸುತ್ತಾರೆ. ಅವರು ಮೀಯುವ ನೀರಿನಲ್ಲಿ ಬಹುಪಾಲು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರಬೇಕಾಗಿದ್ದ ಪೆರಿಯಾರ್ ನದಿಯದು. 1895ರಲ್ಲಿ ಪೂರ್ತಿಯಾದ ಮುಲ್ಲಪೆರಿಯಾರ್ ಅಣೆಕಟ್ಟು ಮತ್ತು ಬೆಟ್ಟ ಕೊರೆದು ಮಾಡಿದ ಸುರಂಗ ಅದನ್ನು ಪೂರ್ವಕ್ಕೆ ತಿರುಗಿಸಿದವು. ಕಟ್ಟಿಸಿದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಪಟವನ್ನು ಕಣಿವೆಯ ರೈತರು ದೇವರ ಪಟಗಳ ಸಾಲಿನಲ್ಲಿಟ್ಟು, ಅವರ ಹುಟ್ಟುಹಬ್ಬವಾದ ಜನವರಿ 15ರಂದು ಪೊಂಗಲ್ ಇಡುತ್ತಾರೆ. ಸುರಂಗದಲ್ಲಿ ಬಂದ ನೀರು ತೀರ್ಥವಾಗುವುದಾದರೆ ಬಸ್ಸಿನಲ್ಲಿ ಬಂದ ಭಕ್ತ ಯಾತ್ರಿಕನಾಗದಿರಲು ಕಾರಣವಿಲ್ಲ.

ಇಷ್ಟಾದರೂ ಇವೆಲ್ಲ ಬಸ್ಸಿನ ಪರವಾದ ಸಮಾಧಾನಗಳು. ಬಸ್ಸು ತಾನೇ ಯಾತ್ರಿಕನಿಂದ ಏನನ್ನು ಕೇಳುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಅದು ಕೇಳುವುದು ಪಕ್ಕದ ಸೀಟು. ನಡೆಯುವವನು ತನಗೆ ಬೇಕಾದವರ ಜತೆ ನಡೆಯಬಹುದು, ಬೇಡವಾದವರಿಂದ ಹಿಂದೆ ಉಳಿಯಬಹುದು. ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಯಾರು ಕೂರುತ್ತಾರೆ ಎಂಬುದು ಅವನ ಕೈಯಲ್ಲಿಲ್ಲ. ಅಹಂಕಾರ ಬಿಟ್ಟವನಿಗೆ ಫಲವೆಂದ ವನಪರ್ವದ ಮಾತು ಪರೀಕ್ಷೆಗೆ ಬರುವುದು ಇಲ್ಲಿ. ಈ ಪರೀಕ್ಷೆಯಲ್ಲಿ ಸಮಾಜ ಸೋತ ಚರಿತ್ರೆಯೂ ಗೆದ್ದ ಚರಿತ್ರೆಯೂ ಈ ಸೀಮೆಯಲ್ಲಿವೆ.

20ನೆಯ ಶತಮಾನದ ಮೊದಲ ದಶಕಗಳಲ್ಲಿ ಮದ್ರಾಸ್ ಪ್ರಾಂತದ ಖಾಸಗಿ ಬಸ್ಸುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರನ್ನು ಹತ್ತಿಸದಿರುವುದು ಸಾಮಾನ್ಯವಾಗಿತ್ತು. ಇಂದಿನ ದಿಂಡಿಗಲ್ ಜಿಲ್ಲೆಯ ಪಟ್ಟಿವೀರನ್‌ಪಟ್ಟಿಯಲ್ಲಿ 1893ರಲ್ಲಿ ಹುಟ್ಟಿದ ಡಬ್ಲ್ಯೂ.ಪಿ.ಎ. ಸೌಂದರಪಾಂಡಿಯನ್ 1920ರ ದಶಕದ ಕೊನೆಗೆ ರಾಮನಾಥಪುರಂ ಜಿಲ್ಲಾ ಬೋರ್ಡಿನ ಅಧ್ಯಕ್ಷರಾಗಿದ್ದರು. ಅಂಥವರನ್ನು ಹತ್ತಿಸದ ಬಸ್ಸಿನ ಲೈಸೆನ್ಸ್ ರದ್ದಾಗುತ್ತದೆ ಎಂದು ಅವರು ಮಾಲೀಕರಿಗೆ ಆಜ್ಞೆ ಮಾಡಿದರು. ನಾಡಾರ್ ಸಮುದಾಯದಿಂದ ಬಂದ ಅವರಿಗೆ ದೇವಸ್ಥಾನದ ಬಾಗಿಲು ಮುಚ್ಚಿಸಿಕೊಂಡವರ ನೋವು ತಿಳಿದೇ ಇತ್ತು. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆದ, ಸ್ವಾಭಿಮಾನ ಚಳವಳಿಯ ಮೊದಲ ಸಮ್ಮೇಳನದ ಅಧ್ಯಕ್ಷತೆಯನ್ನೂ ಅವರೇ ವಹಿಸಿದರು. ಮಧುರೆಯ ಮೀನಾಕ್ಷಿ ದೇವಸ್ಥಾನಕ್ಕೆ ದಲಿತರು ಕಾಲಿಟ್ಟದ್ದು 1939ರ ಜುಲೈ 8ರಂದು. ಅಂದರೆ ಬಸ್ಸಿನ ಬಾಗಿಲು ಗುಡಿಯ ಬಾಗಿಲಿಗಿಂತ ಸುಮಾರು ಹತ್ತು ವರ್ಷ ಮೊದಲೇ ತೆರೆಯಿತು. ಧರ್ಮ ತನ್ನೊಳಗಿಂದ ಮಾಡಬೇಕಾಗಿದ್ದ ಕೆಲಸವನ್ನು ಪುರೋಹಿತಶಾಹಿಯನ್ನು ಕಟುವಾಗಿ ಟೀಕಿಸಿದ ಆ ಚಳವಳಿಯ ಮುಂದಾಳು ಮಾಡಿದ್ದು ಆಸ್ತಿಕರು ಮರೆಯಬಾರದ ಋಣ. ತೀರ್ಥಸ್ನಾನಕ್ಕಿಂತ ನಡತೆ ದೊಡ್ಡದೆಂದ ಶರಣರ, ದಾಸರ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದು ಅಪರಿಚಿತ ವಿಚಾರವಲ್ಲ.

ಸೋಲಿನ ಕಥೆ 1997ರದು. ಆಗ ತಮಿಳುನಾಡಿನ ಸರ್ಕಾರಿ ಸಾರಿಗೆ ನಿಗಮಗಳಿಗೆ ರಾಜವಂಶಗಳ, ನಾಯಕರ ಹೆಸರುಗಳಿದ್ದವು. ಮಧುರೆಯಲ್ಲಿ 1972ರಿಂದ ಪಾಂಡಿಯನ್, ದಿಂಡಿಗಲ್‌ನಲ್ಲಿ ರಾಣಿ ಮಂಗಮ್ಮಾಳ್. ಆ ವರ್ಷ ವಿರುದುನಗರದ ಹೊಸ ನಿಗಮಕ್ಕೆ ಪಾಳೆಯಗಾರ ಕಟ್ಟಬೊಮ್ಮನ ದಂಡಿನ ವೀರ, ದೇವೇಂದ್ರಕುಲವೆಂಬ ದಲಿತ ಸಮುದಾಯದ ಸುಂದರಲಿಂಗಂ ಹೆಸರಿಟ್ಟಾಗ ಬಲಾಢ್ಯ ಜಾತಿಗಳವರು ಆ ಹೆಸರು ಹೊತ್ತ ಬಸ್ಸು ಹತ್ತುವುದಿಲ್ಲವೆಂದರು. ದಕ್ಷಿಣದ ಜಿಲ್ಲೆಗಳಲ್ಲಿ ಗಲಭೆ ಹಬ್ಬಿ ಜೀವಗಳು ಹೋದವು. ಕೊನೆಗೆ ಸರ್ಕಾರ ಎಲ್ಲ ನಿಗಮಗಳ ಹೆಸರುಗಳನ್ನೂ ಅಳಿಸಿ, ಹೆಚ್ಚಿನವನ್ನು ತಮಿಳುನಾಡು ರಾಜ್ಯ ಸಾರಿಗೆ ನಿಗಮ ಎಂಬ ಒಂದೇ ಹೆಸರಿಗೆ ತಂದಿತು. ಬಸ್ಸಿನೊಳಗೆ ಬರೆಸಿದ ತಿರುಕ್ಕುರಳಿನ ಸಾಲುಗಳು ಮಾತ್ರ ಉಳಿದವು. ಬರಿಗಾಲಲ್ಲಿ ನೂರು ಮೈಲಿ ನಡೆದು ಪಳನಿ ಸೇರಿದವನೇ ಆದರೂ, ಪಕ್ಕದವನ ಕುಲ ನೋಡಿ ಸೀಟು ಬಿಟ್ಟೇಳುವವನಾಗಿದ್ದರೆ ಮತ್ಸ್ಯಪುರಾಣ ದೂರಿದ ವಾಹನ ಅವನ ತಲೆಯೊಳಗೇ ಇದೆ. ಅವನಿಗಿಂತ ಶನಿವಾರದ ಬಸ್ಸಿನಲ್ಲಿ ಒತ್ತಿಕೊಂಡು ನಿಂತು, ಮಗು ಎತ್ತಿಕೊಂಡ ಅಪರಿಚಿತಳಿಗೆ ಜಾಗ ಬಿಟ್ಟು, ಕುಚ್ಚನೂರಿನ ಶನೀಶ್ವರನಿಗೆ ಎಳ್ಳೆಣ್ಣೆಯ ದೀಪ ಹಚ್ಚಲು ಹೋದವಳು ತೀರ್ಥಕ್ಕೆ ಹತ್ತಿರವಿದ್ದಾಳೆ.

ಇನ್ನು ಟಿಕೆಟ್ಟಿನ ವಿಚಾರ. ಬೇರೆ ಕೆಲಸದ ಮೇಲೆ ಹೋದಾಗ ಮಾಡಿದ ಯಾತ್ರೆಗೆ ಅರ್ಧ ಫಲ, ಮತ್ತೊಬ್ಬರ ಸಲುವಾಗಿ ಹೋದರೆ ಹದಿನಾರನೆಯ ಒಂದು ಭಾಗ ಎಂದು ಶಾಸ್ತ್ರದ ಲೆಕ್ಕವಿದೆ. ಬೋಡಿಯ ಏಲಕ್ಕಿ ಹರಾಜಿಗೆ ಬಂದು ಹಾಗೆಯೇ ವೀರಪಾಂಡಿಗೆ ಹೋದ ವ್ಯಾಪಾರಿಗೆ ಈ ಲೆಕ್ಕ ಹೊಂದೀತು. ಆದರೆ ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಸಾಮಾನ್ಯ ಟೌನ್ ಬಸ್ಸುಗಳಲ್ಲಿ, ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಿಕ್ಕ ಉಚಿತ ಪ್ರಯಾಣಕ್ಕೆ ಅದನ್ನು ಅನ್ವಯಿಸಿ, ಪುಕ್ಕಟೆ ಯಾತ್ರೆಗೆ ಪುಣ್ಯವೆಲ್ಲಿಯದು ಎಂದು ಆಡಿಕೊಳ್ಳುವುದು ತಪ್ಪು. ಗಂಡನ ಕೈಯಿಂದ ಕಾಸು ಬೇಡಿ, ಬೈಸಿಕೊಂಡು ಹೋಗುತ್ತಿದ್ದವಳು ಈಗ ತಾನೇ ನಿರ್ಧರಿಸಿ ಹೊರಡುತ್ತಾಳೆ. ಸಂಕಲ್ಪ ಅವಳದಾಯಿತು. ಯಾವ ಧರ್ಮಕಾರ್ಯಕ್ಕೂ ಮೊದಲ ಅಂಗ ಸಂಕಲ್ಪವೇ ಆಗಿರುವಾಗ ಅವಳ ಯಾತ್ರೆ ಹಿಂದಿಗಿಂತ ಪೂರ್ಣವಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೊರತೆಯಿರುವುದು ಯೋಜನೆಯ ವ್ಯಾಪ್ತಿಯಲ್ಲಿ: ಟೌನ್ ಬಸ್ಸಿನ ಮಾರ್ಗದಾಚೆ, ಕಂಬಂನಿಂದ ಪಳನಿಯಷ್ಟು ದೂರಕ್ಕೆ ಹೋಗುವ ಮೊಫಸಿಲ್ ಬಸ್ಸಿನಲ್ಲಿ ತಮಿಳುನಾಡಿನ ಹೆಣ್ಣುಮಗಳು ಇನ್ನೂ ದುಡ್ಡು ಕೊಡಬೇಕು.

ಬಸ್ಸು ತಲುಪದ ಕ್ಷೇತ್ರವೂ ಈ ಕಣಿವೆಯ ಅಂಚಿನಲ್ಲಿದೆ. ತಮಿಳು ಕಾವ್ಯದ ನಾಯಕಿ ಕಣ್ಣಗಿಗೆ ಸಂಬಂಧಿಸಿದ ಮಂಗಳಾದೇವಿ ಗುಡಿ ಪೆರಿಯಾರ್ ಹುಲಿ ಅಭಯಾರಣ್ಯದೊಳಗೆ, ಎರಡು ರಾಜ್ಯಗಳ ಗಡಿಯ ಬೆಟ್ಟದ ಮೇಲಿದೆ. ಭಕ್ತರಿಗೆ ಪ್ರವೇಶ ವರ್ಷಕ್ಕೊಂದು ದಿನ, ಚಿತ್ರಾ ಪೌರ್ಣಮಿಯಂದು. ಅಂದು ಕುಮಿಳಿಯಿಂದ ಜೀಪುಗಳು ಹೋಗುತ್ತವೆ. ತಮಿಳುನಾಡಿನ ಕಡೆಯಿಂದ ಬರುವವರಲ್ಲಿ ಅನೇಕರು ಗೂಡಲೂರಿನ ಬಳಿಯ ಪಳಿಯಂಕುಡಿಯಿಂದ ಕಾಡಿನ ದಾರಿಯಲ್ಲಿ ಹತ್ತುತ್ತಾರೆ. ಅಲ್ಲಿ ವಾಹನಕ್ಕೆ ಕಟ್ಟುಪಾಡು ಹಾಕಿರುವುದು ಪುರಾಣವಲ್ಲ, ಅರಣ್ಯ ಇಲಾಖೆ. ಕಾರಣ ಆನೆ, ಹುಲಿ, ಕಾಡುಕೋಣಗಳ ನೆಮ್ಮದಿ. ಎತ್ತಿನ ನೋವನ್ನು ನೆನೆದು ವಾಹನ ಬೇಡವೆಂದ ಪುರಾಣದ ಮಾತಿಗೂ ಈ ಕಟ್ಟುಪಾಡಿಗೂ ಬುಡ ಒಂದೇ. ಅಂಥ ಕಡೆ ಕಟ್ಟುಪಾಡಿಗೆ ತಲೆಬಾಗಲೇಬೇಕು, ಜೀಪೂ ಸಿಗದೆ ನಡೆಯಲೂ ಆಗದವರು ಕೆಳಗಿನಿಂದಲೇ ಕೈಮುಗಿಯಬೇಕು. ಮಿಕ್ಕ ಕಡೆಗಳಲ್ಲಿ ಬಸ್ಸು ಹತ್ತಲು ಯಾತ್ರಿಕ ಅಂಜಬೇಕಾದ್ದಿಲ್ಲ.