ಅವಳನ್ನು ಕೇಳಿದಿರಾ?

ಒಬ್ಬರ ಪರವಾಗಿ ಮತ್ತೊಬ್ಬರು 'ಆಗಲಿ' ಎಂದು ಮಾತು ಕೊಡಬಹುದೇ? ಪ್ರೀತಿ ಇರುವ ಕಡೆ ಇಂಥ ಪ್ರಶ್ನೆಯೇ ಏಳದು ಎಂದು ನಾವು ಭಾವಿಸುತ್ತೇವೆ. ಪ್ರೀತಿ ಇರುವ ಕಡೆಯೇ ಅದು ಏಳಬೇಕು ಎನ್ನುತ್ತದೆ ಒಂದು ಫ್ರೆಂಚ್ ಚಲನಚಿತ್ರ.

ಜಾಕ್ ರಿವೆತ್ ನಿರ್ದೇಶಿಸಿದ 'ಲಾ ಬೆಲ್ ನ್ವಾಸೋಜ್' 1991ರಲ್ಲಿ ಕಾನ್ ಚಿತ್ರೋತ್ಸವದ ಗ್ರಾಂಡ್ ಪ್ರಿ ಪ್ರಶಸ್ತಿ ಪಡೆಯಿತು. ಬಾಲ್ಜಾಕ್‌ನ 1831ರ ಕಥೆಯೊಂದು ಇದಕ್ಕೆ ಆಧಾರ. ಸುಮಾರು ನಾಲ್ಕು ಗಂಟೆಯ ಈ ಚಿತ್ರದಲ್ಲಿ ರೂಪದರ್ಶಿ ಬಹುಹೊತ್ತು ವಿವಸ್ತ್ರಳಾಗಿರುತ್ತಾಳೆ. ಮಕ್ಕಳೊಡನೆ ಕುಳಿತು ನೋಡುವಂಥದ್ದಲ್ಲ. ಆದರೆ ಅದು ಎತ್ತುವ ಪ್ರಶ್ನೆ ಪ್ರತಿ ಮನೆಗೂ ಸೇರಿದ್ದು.

ಫ್ರೆನ್‌ಹೋಫರ್ ಹೆಸರಾಂತ ವೃದ್ಧ ಚಿತ್ರಕಾರ. ಹತ್ತು ವರ್ಷಗಳ ಹಿಂದೆ ಪತ್ನಿ ಲಿಜ್‌ಳನ್ನು ರೂಪದರ್ಶಿಯಾಗಿಸಿಕೊಂಡು ಆರಂಭಿಸಿದ ಚಿತ್ರವನ್ನು ಅರ್ಧಕ್ಕೇ ಬಿಟ್ಟಿದ್ದಾನೆ. ಅವನನ್ನು ಕಾಣಲು ನಿಕೊಲಾ ಎಂಬ ತರುಣ ಕಲಾವಿದ ತನ್ನ ಗೆಳತಿ ಮರಿಯಾನ್‌ಳೊಂದಿಗೆ ಬರುತ್ತಾನೆ. ಆಕೆ ರೂಪದರ್ಶಿಯಾದರೆ ನಿಂತ ಚಿತ್ರ ಮುಗಿದೀತು ಎಂಬ ಮಾತು ಬರುತ್ತದೆ. ನಿಕೊಲಾ ಒಪ್ಪಿಬಿಡುತ್ತಾನೆ. ಮರಿಯಾನ್‌ಳನ್ನು ಕೇಳುವುದೇ ಇಲ್ಲ.

ವಿಷಯ ತಿಳಿದು ಅವಳು ಕೆರಳುತ್ತಾಳೆ. ಆದರೂ ಮರುದಿನ ತಾನಾಗಿಯೇ ಹೋಗುತ್ತಾಳೆ. ಮೊದಮೊದಲು ಚಿತ್ರಕಾರ ಅವಳ ಕೈಕಾಲುಗಳನ್ನು ಬೊಂಬೆಯದೆಂಬಂತೆ ತಿರುಗಿಸಿ, ಮಣಿಸಿ ನಿಲ್ಲಿಸುತ್ತಾನೆ. ಮುಂದೆ ಅವನೇ ಸೋತು ಕೈಚೆಲ್ಲಿದಾಗ, ಬಿಡಬೇಡ ಎಂದು ಪಟ್ಟುಹಿಡಿಯುವವಳು ಅವಳೇ. ಬೊಂಬೆ ವ್ಯಕ್ತಿಯಾದಳು.

ಕೊನೆಗೆ ಅವಳೇ ಒಪ್ಪಿದಳಲ್ಲ, ನಿಕೊಲಾನ ತಪ್ಪೇನು ಎಂದು ಕೇಳಬಹುದು. ಅವಳ ಒಪ್ಪಿಗೆ ಅವಳ ಧೈರ್ಯಕ್ಕೆ ಸಾಕ್ಷಿ. ಅವನ ತಪ್ಪಿಗೆ ಕ್ಷಮಾಪಣೆಯಲ್ಲ. ತನ್ನದಲ್ಲದ್ದನ್ನು ಅವನು ದಾನ ಮಾಡಿದ್ದ. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಲಾಗದು ಎಂದು ತತ್ತ್ವಜ್ಞಾನಿ ಕಾಂಟ್ 1785ರಲ್ಲೇ ಬರೆದ. ಮುಂದೆ ಜಗದ್ಗುರು ಎರಡನೇ ಜಾನ್ ಪಾಲ್ ಆದ ಕರೋಲ್ ವೊಯ್ತಿವಾ, 1960ರಲ್ಲಿ ಪ್ರಕಟವಾದ 'ಪ್ರೀತಿ ಮತ್ತು ಹೊಣೆಗಾರಿಕೆ' ಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು: ವ್ಯಕ್ತಿಯ ವಿಷಯದಲ್ಲಿ ತಕ್ಕ ನಡೆ ಪ್ರೀತಿಯೊಂದೇ. ಹಾಗಾದರೆ ಕೇಳದೆ ಮಾತು ಕೊಡುವ ಪ್ರೀತಿ ಇನ್ನೂ ಪೂರ್ಣ ಪ್ರೀತಿಯಾಗಿಲ್ಲ.

ಚಿತ್ರ ಮುಗಿಯುತ್ತದೆ. ಅದರಲ್ಲಿ ತನ್ನನ್ನು ಕಂಡ ಮರಿಯಾನ್ ತತ್ತರಿಸಿ ಹೋಗುತ್ತಾಳೆ. ಫ್ರೆನ್‌ಹೋಫರ್ ಅದನ್ನು ಗೋಡೆಯೊಳಗಿಟ್ಟು, ಇಟ್ಟಿಗೆ ಕಟ್ಟಿ ಮುಚ್ಚಿಬಿಡುತ್ತಾನೆ. ಜನರಿಗೆ ತೋರಿಸಲು ಬೇರೊಂದನ್ನು ಬರೆಯುತ್ತಾನೆ. ಮೂಲ ಚಿತ್ರವನ್ನು ಪ್ರೇಕ್ಷಕರಾದ ನಾವೂ ಕಾಣುವುದಿಲ್ಲ. ಆತ ನಿರ್ದೋಷಿಯಲ್ಲ, ಹೆಂಡತಿಯ ಹಳೆಯ ಚಿತ್ರದ ಮೇಲೆಯೇ ಹೊಸದನ್ನು ಬರೆದು ಅವಳನ್ನು ನೋಯಿಸಿದವನು. ಆದರೂ ಒಂದು ಭೇದ ಗಮನಿಸಿ. ನಿಕೊಲಾ ಮರಿಯಾನ್‌ಳದ್ದನ್ನು ಕೊಟ್ಟ. ಮುದುಕ ತನ್ನದನ್ನು, ತನ್ನ ಜೀವಮಾನದ ಕೀರ್ತಿಯನ್ನು, ಬಿಟ್ಟುಕೊಟ್ಟ. ಒಬ್ಬರ ಅಂತರಂಗವನ್ನು ಕಂಡವನಿಗೆ ಅದನ್ನು ಊರಿಗೆ ತೋರಿಸುವ ಹಕ್ಕು ತಾನಾಗಿ ಬರುವುದಿಲ್ಲ. ಪಾಪನಿವೇದನೆಯ ಪೀಠದಲ್ಲಿ ಕೂರುವ ಗುರುಗಳಿಗೆ ಇದು ಹೊಸ ಪಾಠವಲ್ಲ.

ವಿವಾಹ ಸಂಸ್ಕಾರದಲ್ಲಿ ವಧೂವರರಿಬ್ಬರಿಂದಲೂ ಬಾಯಿಬಿಟ್ಟು ಸಮ್ಮತಿ ಕೇಳುತ್ತೇವೆ. ಆ ಸಮ್ಮತಿಯ ಸ್ಥಾನವನ್ನು ಯಾವ ಮಾನವ ಅಧಿಕಾರವೂ ತುಂಬಲಾರದು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನು ಸಂಹಿತೆ. ಪೀಠದ ಮುಂದೆ ಅಷ್ಟು ಗಂಭೀರವಾಗಿ ಕೇಳಿದ್ದನ್ನು ಮನೆಗೆ ಹೋದ ಮೇಲೆ ಎಷ್ಟು ಬೇಗ ಮರೆಯುತ್ತೇವೆ! ಮಗಳ ಓದು, ಹೆಂಡತಿಯ ಕೆಲಸ, ವಯಸ್ಸಾದ ತಾಯಿ ಯಾರ ಮನೆಯಲ್ಲಿರಬೇಕೆಂಬ ತೀರ್ಮಾನ, ಎಲ್ಲಕ್ಕೂ ಒಂದೇ ಮಾತು: "ಅವಳನ್ನೇನು ಕೇಳೋದು, ನಾನು ಹೇಳಿದರೆ ಆಯ್ತು."

ಪ್ರಿಯ ಓದುಗರೇ, ಆ ಮಾತು ಇನ್ನೊಮ್ಮೆ ನಾಲಿಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆಯೋಣ. ಒಳಗೆ ಹೋಗಿ ಅವಳನ್ನು ಕೇಳೋಣ. 'ಬೇಡ' ಎಂದರೆ ಅದನ್ನೂ ಕೇಳಿಸಿಕೊಳ್ಳೋಣ.