ಕಳುಹಿಸಿದವರು ಯಾರು?

ಒಬ್ಬನು ತನ್ನ ಊರಿನ ಪರವಾಗಿ ನೆರೆಯೂರಿನವರ ಸಂಗಡ ಎಲ್ಲೆಯ ವಿಷಯ ಮಾತಾಡಲು ಹೋದರೆ ಅವರು ಮೊದಲು ಕೇಳುವದೇನು? “ನಿನ್ನನ್ನು ಕಳುಹಿಸಿದವರು ಯಾರು?” ಎಂಬದೇ. ರಾಜ್ಯಗಳ ನಡುವೆಯೂ ಈ ಪ್ರಶ್ನೆಯೇ ಏಳುವದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಮ್ಮ ಸೀಮೆಯೇ ಇದಕ್ಕೆ ಸಾಕ್ಷಿ. ಆಗ ಇದು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1947ನೆಯ ನವೆಂಬರ್ 29ರಲ್ಲಿ ನಿಜಾಮರಿಗೂ ಭಾರತ ಸರಕಾರಕ್ಕೂ ಯಥಾಸ್ಥಿತಿ ಒಪ್ಪಂದವಾಯಿತು. ಆದರೂ ಸಂಶಯವು ತೀರಲಿಲ್ಲ. 1948ರ ಆಗಸ್ಟಿನಲ್ಲಿ ನಿಜಾಮರ ಸರಕಾರವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು. ಬಲಿಷ್ಠನಾದ ನೆರೆಯವನ ಮೇಲೆ ಬಲಹೀನನು ದೂರುವದು ತಪ್ಪಲ್ಲ. ಆದರೆ ದೂರಿದ ಮಂತ್ರಿಗಳನ್ನು ನೇಮಿಸಿದವರು ನಿಜಾಮರು. ಸೇಡಮಿನ ರೈತನನ್ನಾಗಲಿ ಶಹಾಬಾದಿನ ಕಲ್ಲುಗಣಿಯ ಕೂಲಿಯವನನ್ನಾಗಲಿ ಯಾರೂ ಕೇಳಿರಲಿಲ್ಲ. ಸೆಪ್ಟೆಂಬರ್ 13ರಲ್ಲಿ ಭಾರತದ ಸೇನೆಯು ಒಳಹೊಕ್ಕಿತು. 17ರಲ್ಲಿ ನಿಜಾಮರ ಪಕ್ಷವು ಶರಣಾಯಿತು. ಮೊದಲು ರಜಾಕಾರರ ಹಿಂಸೆಯಿಂದಲೂ ಬಳಿಕ ಮುಸಲ್ಮಾನರ ಮೇಲೆ ತೀರಿಸಿದ ಸೇಡಿನಿಂದಲೂ ನಿರಪರಾಧಿಗಳು ಸತ್ತರು. ಮತದಿಂದ ತೀರಬೇಕಾದ ಪ್ರಶ್ನೆಯನ್ನು ಕತ್ತಿಗೆ ಬಿಟ್ಟರೆ ಹೀಗೆಯೇ ಆಗುವದು.

ಜಯದಿಂದ ಉತ್ತರವು ದೊರೆಯಿತೋ? ಇಲ್ಲ. ಮೊದಲು ಸೇನಾನಿಯಾದ ಜೆ. ಎನ್. ಚೌಧರಿಯವರೂ 1950ರಿಂದ ಅಧಿಕಾರಿಯಾದ ಎಂ. ಕೆ. ವೆಳ್ಳೋಡಿಯವರೂ ಆಳಿದರು. ಇವರೂ ಮೇಲಿನಿಂದ ನೇಮಕವಾದವರೇ. ಮೊದಲನೆಯ ಮಹಾಚುನಾವಣೆಯಲ್ಲಿ ಗಂಡಸರೂ ಹೆಂಗಸರೂ, ಹೊಲವುಳ್ಳವರೂ ಇಲ್ಲದವರೂ ಒಂದೇ ಬೆಲೆಯ ಮತವನ್ನು ಹಾಕಿದ ಮೇಲೆಯೇ, 1952ರ ಮಾರ್ಚಿಯಲ್ಲಿ, ಬೂರ್ಗುಲ ರಾಮಕೃಷ್ಣರಾಯರು ಪ್ರಜೆಗಳಿಂದ ಬಂದ ಮುಖ್ಯಮಂತ್ರಿಯಾದರು.

ಮತಪೆಟ್ಟಿಗೆಯಿಂದ ಎಲ್ಲವೂ ಸರಿಯಾಯಿತೆಂದೂ ನಾವು ಹೇಳುವದಿಲ್ಲ. ಚಿಂಚೋಳಿಯವರಾದ ವೀರೇಂದ್ರ ಪಾಟೀಲರ ಮುಂದಾಳತನದಲ್ಲಿ ಅವರ ಪಕ್ಷವು 1989ರಲ್ಲಿ ಕರ್ನಾಟಕದ 224 ಸ್ಥಾನಗಳಲ್ಲಿ 178ನ್ನು ಗೆದ್ದಿತು. ಮರುವರುಷದ ಅಕ್ಟೋಬರಿನಲ್ಲಿ, ಅವರು ಅಸ್ವಸ್ಥರಾಗಿದ್ದಾಗ, ಅವರನ್ನು ಬದಲಿಸುವ ಸುದ್ದಿಯನ್ನು ಪಕ್ಷದ ಅಧ್ಯಕ್ಷರಾದ ರಾಜೀವ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪ್ರಕಟಿಸಿದರು. ನಾಯಕನನ್ನು ಬದಲಿಸುವ ಹಕ್ಕು ಪಕ್ಷಕ್ಕೆ ಉಂಟು. ಆದರೆ ಮತ ಕೊಟ್ಟವರು ತಮ್ಮ ಮನೆಯ ಸಂಗತಿಯನ್ನು ಪರರ ಬಾಯಿಂದ ಕೇಳಿದಂತೆ ಆಯಿತು.

ನಾಯಕನು ಒಳ್ಳೆಯವನಾದರೆ ಸಾಕು, ಹೇಗೆ ಆರಿಸಿದರೇನು ಎನ್ನುವವರುಂಟು. ನಾವು ಹಾಗೆ ಎಣಿಸುವದಿಲ್ಲ. ಯಾಕಂದರೆ ಒಳ್ಳೆಯ ಆಳು ಸಹ ತನ್ನನ್ನು ಕಳುಹಿಸಿದವನಿಗೇ ಲೆಕ್ಕ ಒಪ್ಪಿಸುವನು. ನಾವು ಕಳುಹಿಸದಿದ್ದರೆ ನಮಗೆ ಲೆಕ್ಕ ಕೊಡುವವನಿಲ್ಲ. ಆದದರಿಂದ ಹಣಕ್ಕಾಗಲಿ ಜಾತಿಯ ಅಭಿಮಾನಕ್ಕಾಗಲಿ ಮತವನ್ನು ಬಿಟ್ಟುಕೊಡುವವನು ಬರೀ ಒಂದು ಚೀಟಿಯನ್ನು ಕೊಡುವದಿಲ್ಲ. ಲೆಕ್ಕ ಕೇಳುವ ಹಕ್ಕನ್ನೇ ಕಳಕೊಳ್ಳುವನು. ಇದನ್ನು ನಮ್ಮ ನಮ್ಮ ಮನೆಗಳಲ್ಲಿ ಆಲೋಚಿಸೋಣ.